ಟೆಂಪೊ ಹತ್ತಿದ ಅಜ್ಜಿ, ಹತ್ತಿಸಿದ ಮಾವ

ಕಳೆದ ಭಾನುವಾರ ಬೈಲಕುಪ್ಪೆಗೆ ಹೊರಟಿದ್ದೆವು. ಹುಣಸೂರಿನ ಮನೆ ಬಿಟ್ಟು ಪಿರಿಯಾಪಟ್ಟಣದ ದಾರಿ ಹಿಡಿದು ಸ್ವಲ್ಪ ದೂರ ಹೋಗಿರಬೇಕು, ಗಾಳಿಯ ಜೊತೆ ಹೊಗೆಸೊಪ್ಪಿನ ವಾಸನೆ ಕಾರಿನೊಳಗೆ ಬಂತು. ರಸ್ತೆಯಾಚೆಯ ಹೊಲದಲ್ಲಿ ಯಾರದೋ ಬ್ಯಾರನ್ ಉರಿಯುತ್ತಿತ್ತು. ಹಸಿ ಎಲೆಯನ್ನು ಕೋಲಿಗೆ ಕಟ್ಟಿ, ಸಾಲಾಗಿ ನೇತುಹಾಕಿ, ಕೆಳಗಿನಿಂದ ಬಿಸಿ ಕೊಟ್ಟು ಹದ ಮಾಡುವ ಆ ಎತ್ತರದ ಮನೆಗಳು ನಮ್ಮ ಕಡೆ ಎಲ್ಲಿ ನೋಡಿದರೂ ಸಿಗುತ್ತವೆ. ಎಲೆ ಹಳದಿಗೆ ತಿರುಗುವಾಗ ಬರುವ ವಾಸನೆ ಇದೆಯಲ್ಲ, ಬೆಲ್ಲದ ಪಾಕ ಸ್ವಲ್ಪ ತಳ ಹಿಡಿದ ಹಾಗೆ, ಸಿಹಿಯೂ ಹೌದು, ಘಾಟೂ ಹೌದು… ಹಿಂದಿನ ಸೀಟಿನಿಂದ ಮಗಳು ಮೂಗು ಮುಚ್ಚಿಕೊಂಡು, "ಅಮ್ಮ, ಗ್ಲಾಸ್ ಏರಿಸಮ್ಮ" ಎಂದಳು. ನಾನು ಏರಿಸಲಿಲ್ಲ. ಅವಳಿಗೆ ಅದು ಹೊಗೆಸೊಪ್ಪಿನ ವಾಸನೆ, ನನಗೆ ಪಿಕ್‌ನಿಕ್ಕಿನ ವಾಸನೆ.

ಹುಣಸೂರಿನಲ್ಲಿ ನಮ್ಮ ಮನೆಯ ಎದುರಿಗೆ ಒಬ್ಬ ಮಾವ ಇದ್ದರು. ನನ್ನ ಅಮ್ಮನ ಕಡೆಗಾಗಲಿ ಅಪ್ಪನ ಕಡೆಗಾಗಲಿ ಸಂಬಂಧವೇನಲ್ಲ. ಎದುರುಮನೆಯವರಾದ್ದರಿಂದ ನಮಗೆ ಮಾವ, ನಾವು ಕರೆದದ್ದನ್ನು ಕೇಳಿಸಿಕೊಂಡು ಆಮೇಲೆ ಇಡೀ ಬೀದಿಗೇ ಮಾವ. ಅವರದೊಂದು ಗೂಡ್ಸ್ ಟೆಂಪೊ ಇತ್ತು. ವಾರವಿಡೀ ಹಳ್ಳಿಗಳಿಂದ ಹೊಗೆಸೊಪ್ಪಿನ ಬೇಲುಗಳನ್ನು ತುಂಬಿಕೊಂಡು ಹರಾಜಿನ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಶನಿವಾರ ಸಂಜೆ ಅದನ್ನು ತೊಳೆದು, ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರವಿ, ನಾಲ್ಕು ಮೂಲೆಗೂ ಹೋಳು ಮಾಡಿದ ನಿಂಬೆಹಣ್ಣು ಇಡುತ್ತಿದ್ದರು. ನಿಂಬೆಹಣ್ಣಿನಿಂದ ಏನೂ ಉಪಯೋಗವಾಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಹಾರ್ನ್ ಹೊಡೆದರೆ ಬೀದಿಯ ಮಕ್ಕಳು, ಹೆಂಗಸರು, ಮುದುಕರು ಎಲ್ಲ ಹತ್ತಿಕೊಳ್ಳುತ್ತಿದ್ದೆವು, ಸಂಜೆ ಮನೆಗೆ ಬರುವಾಗ ಎಲ್ಲರ ತಲೆಗೂದಲೂ ಹೊಗೆಸೊಪ್ಪು ನಾರುತ್ತಿತ್ತು.

ಮಾವನಿಗೆ ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ. ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು. ಹೊರಡುವ ಮುಂಚೆ ಟೆಂಪೊ ಬಾಗಿಲ ಮೇಲೆ ಕೈ ಬಡಿದು, "ಯಾರ್ನೂ ಮನೇಲಿ ಬುಟ್ಟು ಬರಂಗಿಲ್ಲ ಕಣ್ರಪ್ಪ, ಎಲ್ರೂ ಅತ್ಕಳಿ" ಎಂದು ಕೂಗುತ್ತಿದ್ದರು. ಹಾಗೆ ಕೂಗಿ ಒಮ್ಮೆ ತಮ್ಮ ಮನೆಯ ಜಗಲಿಯ ಕಡೆ ನೋಡುತ್ತಿದ್ದರು. ಅಲ್ಲಿ ಅವರ ತಾಯಿ ಮೊರ ಹಿಡಿದು ರಾಗಿ ಕೇರುತ್ತ ಕೂತಿರುತ್ತಿದ್ದರು. ಬೀದಿಯನ್ನೆಲ್ಲ ಹತ್ತಿಸಿಕೊಂಡು ಹೋಗುವ ಮನುಷ್ಯನಿಗೆ ಮನೆಯ ಒಬ್ಬ ಮುದುಕಿಯನ್ನು ಹತ್ತಿಸಲು ಆಗಿರಲಿಲ್ಲ. ಅಜ್ಜಿ ತಲೆಯೆತ್ತದೆ, "ನಂಗ್ಯಾಕ್ಲಾ ಅವೆಲ್ಲಾ. ನೀವು ಓಗ್ಬನ್ನಿ" ಎನ್ನುತ್ತಿದ್ದರು. ಮಾವ ಸೀಟಿಗೆ ಹತ್ತಿ ಗಾಡಿ ಶುರು ಮಾಡುತ್ತಿದ್ದರು.

ಕಾರಣ ಬೀದಿಗೆಲ್ಲ ಗೊತ್ತಿತ್ತು. ಅಜ್ಜಿ ವಯಸ್ಸಿನಲ್ಲಿದ್ದಾಗ ಕೃಷ್ಣರಾಜನಗರದ ಒಂದು ಮದುವೆಗೆ ಬಸ್ಸಿನಲ್ಲಿ ಹೋಗಿದ್ದರಂತೆ. ದಾರಿಯಲ್ಲಿ ಹೊಟ್ಟೆ ತೊಳಸಿ, ಕಿಟಕಿಯ ಕಡೆ ತಿರುಗುವಷ್ಟರಲ್ಲಿ ಪಕ್ಕದಲ್ಲಿದ್ದ ಬೀಗಗಿತ್ತಿಯ ರೇಷ್ಮೆ ಸೀರೆಯ ಮೇಲೆಯೇ ವಾಂತಿಯಾಯಿತು. ಆ ಬೀಗಗಿತ್ತಿ ಏನೂ ಅನ್ನಲಿಲ್ಲ. ಅನ್ನದೆ ಮದುವೆ ಮನೆಯಲ್ಲಿ ಎಲ್ಲರಿಗೂ ಸೀರೆ ತೋರಿಸಿದರು. ಅವತ್ತು ವಾಪಸು ಬರುವಾಗ ಅಜ್ಜಿ ಬಸ್ಸು ಹತ್ತದೆ ನಡೆದೇ ಬಂದರಂತೆ. ಆಮೇಲೆ ನಡೆದಷ್ಟು ದೂರ, ಇಲ್ಲವೇ ಎತ್ತಿನ ಗಾಡಿ ಹೋದಷ್ಟು ದೂರ, ಅಷ್ಟೇ ಅವರ ತಿರುಗಾಟ. ಕಾಲಕ್ರಮೇಣ ಮಂಡಿ ಹೋಯಿತು, ಎತ್ತುಗಳೂ ಹೋದವು. ನಾನು ನೋಡುವ ಹೊತ್ತಿಗೆ ಅಜ್ಜಿಗೆ ಉಳಿದದ್ದು ಜಗಲಿ, ನಡುಮನೆ, ಹಿತ್ತಲು. ಲಕ್ಷ್ಮಣತೀರ್ಥದ ಸೇತುವೆ ದಾಟಿ ಎಷ್ಟು ವರ್ಷವಾಯಿತೆಂದು ಅವರಿಗೇ ನೆನಪಿರಲಿಲ್ಲ.

ಮಾವನ ಜೊತೆ ನಾವು ನೋಡದ ಜಾಗವಿಲ್ಲ. ಚುಂಚನಕಟ್ಟೆ, ಸಾಲಿಗ್ರಾಮ, ಬೈಲಕುಪ್ಪೆಯ ಚಿನ್ನದ ಬುದ್ಧ, ಕಬಿನಿ ಅಣೆಕಟ್ಟೆ… ಆದರೆ ಅಲ್ಲಿಗೆ ಹೋದ ಮೇಲೆ ಮಾವ ಮಾಡುತ್ತಿದ್ದುದೆಲ್ಲ ವಿಚಿತ್ರ. ಚುಂಚನಕಟ್ಟೆಯಲ್ಲಿ ನಾವೆಲ್ಲ ಧುಮುಕುವ ನೀರಿಗೆ ಬಾಯಿಬಿಟ್ಟುಕೊಂಡು ನಿಂತಿದ್ದರೆ ಅವರು ಯಾರದೋ ಊರುಗೋಲು ಕೇಳಿ ಪಡೆದು, ಗುಡಿಯ ಮೆಟ್ಟಿಲನ್ನು ಒಂದೊಂದಾಗಿ, ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಏದುಸಿರು ಬಿಡುತ್ತ ಹತ್ತುತ್ತಿದ್ದರು. ಅಮ್ಮ ಗಾಬರಿಯಾಗಿ, "ಏನಾಯ್ತಣ್ಣ ಕಾಲಿಗೆ?" ಎಂದರೆ, "ಏನಿಲ್ಲ ಕಣವ್ವ, ಎಂಗೈತೆ ಅಂತ ನೋಡ್ದೆ" ಎನ್ನುವರು. ಬೈಲಕುಪ್ಪೆಯಲ್ಲಿ ಕೆಂಪು ಬಟ್ಟೆಯ ಲಾಮಾಗಳ ನಡುವೆ ನೆಲಕ್ಕೆ ಕೂತು, ಕೈಯೂರದೆ ಏಳಲು ನೋಡಿ, ಆಗದೆ ಪಕ್ಕದ ಕಂಬ ಹಿಡಿದು ಎದ್ದರು. ಕಂಬ ಇದೆಯೆಂದು ತುಂಬ ಸಮಾಧಾನವಾದವರಂತೆ ಅದನ್ನು ತಟ್ಟಿದರು. ಎಲ್ಲಿಗೆ ಹೋದರೂ ಮೊದಲು ಕೇಳುವುದು ಕಕ್ಕಸು ಎಲ್ಲಿದೆ ಎಂದು. ಪಾಪ, ಮಾವನಿಗೆ ಹೊಟ್ಟೆ ಸರಿಯಿಲ್ಲ ಎಂದೇ ನಾವು ಮಕ್ಕಳು ನಂಬಿದ್ದೆವು.

ಅದೆಲ್ಲ ಅಜ್ಜಿಗಾಗಿ ನೋಡಿಕೊಂಡು ಬರುವ ಕೆಲಸ ಎಂದು ದೊಡ್ಡವರಿಗೆ ಗೊತ್ತಿತ್ತೋ ಏನೋ. ಸಂಜೆ ಮನೆಗೆ ಬಂದು, ಕಾಲು ತೊಳೆದು, ಜಗಲಿಯಲ್ಲಿ ತಾಯಿಯ ಪಕ್ಕ ಕೂತು ಅವರು ಹೇಳುತ್ತಿದ್ದುದು ನಮ್ಮ ಮನೆಗೂ ಕೇಳುತ್ತಿತ್ತು. ಮೆಟ್ಟಿಲು ಅಷ್ಟು ಎತ್ತರವಿಲ್ಲ, ಮರದ ನೆರಳು ಚೆನ್ನಾಗಿದೆ, ಕುಡಿಯಲು ನಲ್ಲಿ ಇದೆ, ಕೂರಲು ಕಲ್ಲುಬೆಂಚು ಇದೆ… ಜಲಪಾತ ಹೇಗಿತ್ತು ಎಂದು ಮಾತ್ರ ಹೇಳುತ್ತಿರಲಿಲ್ಲ, ಅದನ್ನು ಅವರು ಸರಿಯಾಗಿ ನೋಡಿದ್ದರಲ್ಲವೇ ಹೇಳಲು. ಅಜ್ಜಿ "ಊಂ" ಎನ್ನುತ್ತ ಕೇರುತ್ತಿದ್ದರು.

ನಾನಾಗ ಆರನೇ ಕ್ಲಾಸು. ಒಂದು ಭಾನುವಾರ ಎಚ್.ಡಿ. ಕೋಟೆಯ ಆಚೆ ಕಬಿನಿ ಹಿನ್ನೀರಿಗೆ ಹೋಗಿ ಬಂದು, ಊಟಕ್ಕೂ ನಿಲ್ಲದೆ ಅಜ್ಜಿಯ ಹತ್ತಿರ ಓಡಿದ್ದೆ. "ಅಜ್ಜಿ, ಆನೆ ನೋಡ್ದೆ. ಆಚೆ ದಡದಲ್ಲಿ, ಗುಂಪು ಗುಂಪು" ಎಂದೆ. ಅಜ್ಜಿ ಮೊರ ಕೆಳಗಿಟ್ಟರು. ಅದುವರೆಗೆ ಯಾವ ಊರಿನ ಸುದ್ದಿಗೂ ಅವರು ಮೊರ ಕೆಳಗಿಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಮೊಕ ನೋಡ್ದಾ ಮಗ?"

ಇಲ್ಲ, ದೂರದಲ್ಲಿತ್ತು, ಕಪ್ಪಗೆ ಚುಕ್ಕಿ ಚುಕ್ಕಿ ಕಾಣುತ್ತಿತ್ತು ಎಂದೆ. ಆಗ ಅಜ್ಜಿ ಹೇಳಿದರು. ಅವರ ತವರು ಅಂತರಸಂತೆ ಕಡೆ, ಕಾಡಿಗೆ ಅಂಟಿಕೊಂಡ ಹಳ್ಳಿ. ಅವರಪ್ಪ ಅಟ್ಟಣೆಯ ಮೇಲೆ ಕೂತು ಬೆಳೆ ಕಾಯುತ್ತಿದ್ದರು. ಮನೆಯೊಳಗೆ ಮಲಗಿದ ಮಕ್ಕಳಿಗೆ ಬಾಳೆ ಲಟಲಟ ಮುರಿಯುವುದು, ಅಪ್ಪ ಡಬ್ಬ ಬಡಿಯುವುದು, ಕೂಗುವುದು ಮಾತ್ರ ಕೇಳುತ್ತಿತ್ತು. ಬಾಗಿಲು ತೆಗೆಯಲು ಅವ್ವ ಬಿಡುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮೊರದಗಲದ ಹೆಜ್ಜೆ, ಬಿಸಿ ಆರದ ಲದ್ದಿ. ಹುಟ್ಟಿದಾಗಿನಿಂದ ಮದುವೆಯಾಗಿ ಹೋಗುವವರೆಗೆ ಆನೆಯ ಸದ್ದು ಕೇಳಿದವರು, ಆನೆ ಮಾತ್ರ ಒಂದು ದಿನವೂ ಕಂಡಿರಲಿಲ್ಲ.

"ಸಾಯೋದ್ರೊಳ್ಗೆ ಒಂದ್ಸಲ ಅದ್ರ ಮೊಕ ನೋಡ್ಬೇಕು ಕಣವ್ವ. ನಮ್ಮಪ್ಪನ್ನ ಅಷ್ಟು ಗೋಳಾಡ್ಸಿದ್ದು ಯಾವ್ದು ಅಂತ."

ಒಳಗೆ ಸ್ನಾನ ಮಾಡುತ್ತಿದ್ದ ಮಾವ ಒದ್ದೆ ಟವೆಲಿನಲ್ಲೇ ಬಾಗಿಲಿಗೆ ಬಂದು ನಿಂತಿದ್ದರು.

ಹರಾಜು ಮುಗಿದು ಟೆಂಪೊಗೆ ಬಿಡುವಾದ ಮೇಲೆ ಅಜ್ಜಿಯನ್ನು ಕಾಡಿನ ಆನೆ ಕ್ಯಾಂಪಿಗೆ ಕರೆದುಕೊಂಡು ಹೋಗುವ ಅವರ ತಯಾರಿ ಶುರುವಾಯಿತು. ಅಜ್ಜಿ ಎತ್ತಿನ ಗಾಡಿಯಲ್ಲಿ ಒಂದು ದಿನವೂ ವಾಂತಿ ಮಾಡಿದವರಲ್ಲ. ಹಾಗಾದರೆ ಟೆಂಪೊವನ್ನೇ ಎತ್ತಿನ ಗಾಡಿ ಮಾಡಿದರಾಯಿತು ಎಂದು ಮಾವ ತೀರ್ಮಾನಿಸಿದರು. ಗಾಳಿಯಾಡಲಿ ಎಂದು ಮೇಲಿನ ಟಾರ್ಪಾಲು ಬಿಚ್ಚಿ ಎಸೆದರು. ಹುಣಸೆಹಣ್ಣು, ಬೂದಿ, ಸೀಗೆಪುಡಿ ಹಾಕಿ ಹಲಗೆ ಹಲಗೆಯನ್ನೂ ತಿಕ್ಕಿದರು, ಹೆಂಡತಿಯ ಕೈಲಿ, ಅಂದರೆ ನಮ್ಮ ಅತ್ತೆಯ ಕೈಲಿ, ಸಾಂಬ್ರಾಣಿ ಹಾಕಿಸಿದರು. ಅಟ್ಟದ ಮೇಲಿದ್ದ ಹಳೆಯ ಗಾಡಿಯ ಬಿದಿರು ತಟ್ಟಿಯನ್ನು ಇಳಿಸಿ ಎರಡೂ ಪಕ್ಕಕ್ಕೆ ಕಟ್ಟಿದರು. ಕೊನೆಗೆ ಎತ್ತಿನ ಕೊರಳ ಗಂಟೆಗಳನ್ನೂ ಹುಡುಕಿ ತಂದು ಮುಂದೆ ನೇತುಹಾಕಿದರು. ಅತ್ತೆ, "ನೊಗಕ್ಕೆ ನೀವೇ ಕುತ್ಗೆ ಕೊಟ್ಬುಡಿ, ಎಲ್ಲಾ ಸರಿಯಾಯ್ತದೆ" ಎಂದು ಒಳಗೆ ಹೋದರು. ನಮ್ಮ ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಆ ಭಾನುವಾರ ಬೆಳಿಗ್ಗೆ ಇಡೀ ಬೀದಿ ಬಾಗಿಲಲ್ಲಿ ನಿಂತಿತ್ತು, ಆದರೆ ಒಬ್ಬರೂ ಅಜ್ಜಿಯ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂಬ ಭಯ. ಅಜ್ಜಿ ಹೊಸ ಸೀರೆಯುಟ್ಟು ಬಂದು ಟೆಂಪೊದ ಮುಂದೆ ನಿಂತರು.

"ಇದು ಗಾಡೀನೋ, ಟೆಂಪೋನೋ?"

"ನೀ ಏನಂದ್ರೆ ಅದು ಕಣವ್ವ" ಎಂದರು ಮಾವ.

ಅಜ್ಜಿ ಗಂಟೆಯನ್ನು ಒಮ್ಮೆ ಮುಟ್ಟಿ ನೋಡಿ, ಮಣೆಯ ಮೇಲೆ ಕಾಲಿಟ್ಟು, ನಮ್ಮಮ್ಮನ ಭುಜ ಹಿಡಿದು ಹತ್ತಿದರು. ಗಾಡಿಯಲ್ಲಿ ಕೂರುವ ಹಾಗೇ ಹಿಂದಕ್ಕೆ ಮುಖ ಮಾಡಿ ಹುಲ್ಲಿನ ಮೇಲೆ ಕೂತರು. ನಾವೆಲ್ಲ ಉಸಿರು ಬಿಡದೆ ಸುತ್ತ ತುಂಬಿಕೊಂಡೆವು.

ಮಾವ ಗಾಡಿಯನ್ನು ಎತ್ತಿನ ನಡಿಗೆಯಲ್ಲೇ ಬಿಟ್ಟರು. ಸೇತುವೆ ದಾಟುವಾಗ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿದರು. ಕಾಡಿನ ದಾರಿ ಹಿಡಿದ ಮೇಲೆ ಹಿಂದೆ ಬಂದ ಬಸ್ಸೊಂದು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಪಕ್ಕಕ್ಕೆ ಬಂದಾಗ, ಡ್ರೈವರ್ ತಲೆ ಹೊರಗೆ ಹಾಕಿ ಏನೋ ಬೈದ. ಗಂಟೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಅಜ್ಜಿ ಬಿದಿರು ತಟ್ಟಿ ಹಿಡಿದು ಹಿಂದೆ ಸರಿಯುವ ಮರಗಳನ್ನು ನೋಡುತ್ತಿದ್ದರು. ಹೊಟ್ಟೆ ತೊಳಸಲಿಲ್ಲ. "ಯಾಕ್ಲಾ, ಎತ್ತು ಸುಸ್ತಾದ್ವಾ?" ಎಂದು ಮಗನನ್ನು ಕೆಣಕುವಷ್ಟು ಹುಷಾರಾಗಿದ್ದರು.

ಎಡವಟ್ಟಾದದ್ದು ಆ ಎತ್ತಿನ ನಡಿಗೆಯಿಂದಲೇ. ಆನೆ ಕ್ಯಾಂಪಿಗೆ ನಾವು ತಲುಪಿದಾಗ ಸೂರ್ಯ ನೆತ್ತಿಗೆ ಬಂದಿದ್ದ, ಕ್ಯಾಂಪಿನಲ್ಲಿ ಒಂದು ಆನೆಯೂ ಇರಲಿಲ್ಲ. ಬರೀ ಸರಪಳಿ, ಲದ್ದಿ, ಮರಕ್ಕೆ ಮೈಯುಜ್ಜಿದ ಗುರುತು. ಒಬ್ಬ ಮಾವುತ ಒಲೆ ಮುಂದೆ ಕೂತಿದ್ದ. "ಬೆಳಿಗ್ಗೆ ಮುದ್ದೆ ತಿನ್ಸಿ ಕಾಡಿಗೆ ಬುಟ್ಟಾಯ್ತು ಕಣಣ್ಣ. ಇನ್ನು ಬರೋದು ಸಂಜೇಗೆ" ಎಂದ. ಮಾವ ಈ ಜಾಗವನ್ನೂ ಮೊದಲೇ ಬಂದು ನೋಡಿಕೊಂಡು ಹೋಗಿದ್ದರು. ನೆರಳು, ನೀರು, ಕಕ್ಕಸು, ಕೂರುವ ಕಲ್ಲು ಎಲ್ಲವನ್ನೂ ವಿಚಾರಿಸಿದ್ದರು. ಆನೆ ಯಾವಾಗ ಇರುತ್ತದೆ ಎಂದು ಕೇಳುವುದನ್ನು ಮರೆತಿದ್ದರು.

ಸಂಜೆವರೆಗೆ ಕಾಯೋಣವೆಂದರೆ ಇನ್ನೊಂದು ಕಷ್ಟ. ಕತ್ತಲಾಗುವ ಮುಂಚೆ ಕಾಡಿನ ಗೇಟು ಹಾಕಿಬಿಡುತ್ತಾರೆ. ಬಂದ ನಡಿಗೆಯಲ್ಲೇ ವಾಪಸು ಹೋಗಬೇಕೆಂದರೆ ಆಗಲೇ ಹೊರಡಬೇಕು. ಜೋರಾಗಿ ಓಡಿಸಿದರೆ ಅಜ್ಜಿಯ ಗತಿ? ಮಾವ ಟೆಂಪೊದ ಹಿಂದೆ ಹೋಗಿ ಟವೆಲಿನಿಂದ ಮುಖ ಮುಚ್ಚಿಕೊಂಡು ನಿಂತುಬಿಟ್ಟರು. ಅಷ್ಟು ದೊಡ್ಡ ದನಿಯ ಮನುಷ್ಯ ಸದ್ದಿಲ್ಲದೆ ಅಳುತ್ತಿದ್ದರು. ನನಗೂ ಅಳು ಬಂತು. ಇವತ್ತು ಆನೆ ಕಾಣದೆ ಮನೆಗೆ ಹೋದರೆ ಅಜ್ಜಿ ಇನ್ನೆಂದೂ ಟೆಂಪೊ ಹತ್ತುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಅಜ್ಜಿಗೆ ಮಾತ್ರ ಗಡಿಬಿಡಿಯೇ ಇರಲಿಲ್ಲ. ಮರದ ಬುಡದಲ್ಲಿ ಕಾಲು ನೀಡಿ ಕೂತು ಬುತ್ತಿ ಬಿಚ್ಚಿಸಿದರು. ಬೀದಿಯ ಎಲ್ಲ ಮನೆಯ ಚಿತ್ರಾನ್ನ, ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಸೇರಿ ಮದುವೆ ಊಟದಂತಾಯಿತು. ತಿಂದು, ಸೆರಗು ಹೊದ್ದು, "ಬಂದಾಗ ಎಬ್ರಿಸ್ಲಾ" ಎಂದು ಮಗನಿಗೆ ಹೇಳಿ ಮಲಗಿದರು. ಮಾವ ಗಳಿಗೆಗೊಮ್ಮೆ ಆಕಾಶ ನೋಡುತ್ತ, ಗಳಿಗೆಗೊಮ್ಮೆ ಕಾಡು ನೋಡುತ್ತ ಅಲ್ಲೇ ಅತ್ತಿಂದಿತ್ತ ತಿರುಗಿದರು. ಬಿಸಿಲು ಇಳಿಯತೊಡಗಿತು. ಇನ್ನು ಹೊರಡಲೇಬೇಕು ಎಂದು ಅಪ್ಪ ಎದ್ದು ಜಮಖಾನ ಮಡಿಸುತ್ತಿದ್ದಾಗ, ಬಿದಿರುಮೆಳೆಯ ಆಚೆ ಕಡ್ಡಿ ಮುರಿದ ಸದ್ದಾಯಿತು. ಯಾರೂ ಎಬ್ಬಿಸದೆ ಅಜ್ಜಿ ಎದ್ದು ಕೂತರು. ಆ ಸದ್ದು ಅವರಿಗೆ ಗೊತ್ತಿತ್ತಲ್ಲ.

ಮೊದಲು ಬಂದದ್ದು ಒಂದು ವಯಸ್ಸಾದ ಆನೆ. ಬೇಲಿಯ ಆಚೆ ಬಂದು ನಿಂತು ಕಿವಿ ಬೀಸಿತು. ಅಜ್ಜಿ ಮಾವನ ತೋಳು ಹಿಡಿದು ಬೇಲಿಯ ಹತ್ತಿರ ಹೋದರು. ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು:

"ನೀನೇನಾ ನಮ್ಮಪ್ಪನ ಬಾಳೆ ಮುರ್ದೋನು?"

ಮಾವುತ ನಕ್ಕ. "ಇದು ಎಣ್ಣು ಕಣಜ್ಜಿ. ಬಲು ಸಾಧು."

"ಎಣ್ಣಾದ್ರೇನು, ಒಟ್ಟೆ ಇಲ್ವಾ?"

ಮಾವುತ ದೊಡ್ಡ ರಾಗಿಮುದ್ದೆಯ ತುಂಡಿಗೆ ಬೆಲ್ಲ ಸೇರಿಸಿ ಅದರ ಬಾಯಿಗಿಟ್ಟ. ಅಜ್ಜಿ ಮುದ್ದೆಯನ್ನೂ ಬಿಡಲಿಲ್ಲ, ಗಂಟು ಗಂಟಾಗಿದೆ, ಇನ್ನೂ ತೊಳಸಬೇಕಿತ್ತು ಎಂದರು. ಆನೆ ಕಣ್ಣು ಅರೆಮುಚ್ಚಿ ಜಗಿಯುತ್ತಿತ್ತು. ಅಜ್ಜಿ ಅದರ ಕಣ್ಣನ್ನೇ ನೋಡುತ್ತ ಬಹಳ ಹೊತ್ತು ನಿಂತರು…

"ಎಷ್ಟು ಸಣ್ಣ ಕಣ್ಣು ಕಣ್ಲಾ ಇದ್ಕೆ. ಇಷ್ಟೇ ಕಣ್ಣು ಅಂತ ಗೊತ್ತಿದ್ರೆ ಆವತ್ತು ಅಷ್ಟು ಎದ್ರುತಿರ್ನಿಲ್ಲ" ಎಂದರು. ಅವರ ಕೆನ್ನೆ ಒದ್ದೆಯಾಗಿತ್ತು, ನಗುತ್ತಿದ್ದರು ಕೂಡ.

ವಾಪಸು ಬಂದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮಾವ ಎತ್ತಿನ ಗಾಡಿಯನ್ನು ಮರೆತು ಟೆಂಪೊವನ್ನು ಹೊಡೆದರು. ಕೊರಳ ಗಂಟೆಗಳು ಹುಚ್ಚು ಹಿಡಿದಂತೆ ಬಡಿದುಕೊಂಡವು. ಅಮ್ಮ ಅಜ್ಜಿಯ ಮುಂದೆ ಒಂದು ಪಾತ್ರೆ ಹಿಡಿದು ಕೂತಿದ್ದರು. ಅಜ್ಜಿ ಆ ಪಾತ್ರೆಯ ಕಡೆ ತಿರುಗಿಯೂ ನೋಡಲಿಲ್ಲ. ಆನೆಯ ಕಿವಿ ಹೀಗಿತ್ತು, ಬಾಲ ಹಾಗಿತ್ತು, ಅಪ್ಪ ಡಬ್ಬ ಹೀಗೆ ಬಡಿಯುತ್ತಿದ್ದರು ಎಂದು ಕೈ ಬೀಸಿ ಬೀಸಿ ಹೇಳುತ್ತಲೇ ಇದ್ದರು. ಗೇಟು ಹಾಕಲು ನಿಂತಿದ್ದವರು ಈ ಗಂಟೆ ಕಟ್ಟಿದ ಟೆಂಪೊ ನೋಡಿ ಬೆರಗಾಗಿ ದಾರಿ ಬಿಟ್ಟರು. ಹುಣಸೂರಿನ ದೀಪ ಕಂಡಾಗ ಮಾವ ವೇಗ ಇಳಿಸಿ, ಹಿಂದಕ್ಕೆ ತಲೆ ಹಾಕಿ, ಹೆದರುತ್ತ ಹೆದರುತ್ತ, "ಅವ್ವಾ, ಎಂಗಿದ್ದೀಯೆ?" ಎಂದರು.

"ನಂಗೇನಾಗಿದ್ದದು? ಮುಂದಿನ ಭಾನ್ವಾರ ಎಲ್ಲಿಗ್ಲಾ?"

ಅದಾದ ಮೇಲೆ ಅಜ್ಜಿಯನ್ನು ಹಿಡಿಯುವವರಿರಲಿಲ್ಲ. ಮಾವ ಹಾರ್ನ್ ಹೊಡೆಯುವ ಮೊದಲೇ ಹತ್ತಿ ಕೂತಿರುತ್ತಿದ್ದರು. ಚುಂಚನಕಟ್ಟೆಯ ಗುಡಿಯೊಳಗೆ ನಿಂತರೆ ಹೊರಗಿನ ಜಲಪಾತದ ಸದ್ದು ಕೇಳುವುದಿಲ್ಲ ಎನ್ನುತ್ತಾರೆ. ನಿಜವೋ ಸುಳ್ಳೋ ಪರೀಕ್ಷಿಸಲು ಹೋದ ಅಜ್ಜಿ ಒಳಗೆ ಎಷ್ಟು ಮಾತಾಡಿದರೆಂದರೆ ಯಾರಿಗೂ ಏನೂ ತಿಳಿಯಲಿಲ್ಲ. ಬೈಲಕುಪ್ಪೆಯಲ್ಲಿ ಮೊಮೊ ತಿಂದು, ಕಡುಬಿಗೆ ಉಪ್ಪು ಕಮ್ಮಿ ಎಂದರು. ಮಾವ ಊರುಗೋಲು ಹಿಡಿದು ಮೆಟ್ಟಿಲು ಹತ್ತುವುದನ್ನು ಬಿಟ್ಟರು. ನಮ್ಮ ಜೊತೆ ನಿಂತು, ಬಾಯಿಬಿಟ್ಟುಕೊಂಡು, ಜಲಪಾತ ನೋಡಿದರು.

ಹೀಗೆ ಕೆಲವು ವರ್ಷ ಚೆನ್ನಾಗಿ ತಿರುಗಾಡಿ, ಒಂದು ಮಳೆಗಾಲದಲ್ಲಿ ಅಜ್ಜಿ ಹೋದರು. ಮಾವ ಆಮೇಲೂ ನಿಲ್ಲಿಸಲಿಲ್ಲ. ಟೆಂಪೊ ಹಳತಾಗಿ, ಕೈ ನಡುಗತೊಡಗಿ, ಮಕ್ಕಳೆಲ್ಲ ದೊಡ್ಡವರಾಗುವವರೆಗೂ ನಡೆಸಿದರು. ನಾನು ಮದುವೆಯಾಗಿ ಅದೇ ಬೀದಿಯಲ್ಲಿ ಮನೆ ಮಾಡಿದ ಮೇಲೂ ಒಂದೆರಡು ಸಲ ಕರೆದರು. ಎರಡು ವರ್ಷದ ಹಿಂದೆ ಅವರೂ ಹೋದರು. ಅಸ್ಥಿ ಬಿಡಲು ಮನೆಯವರು ನಾಲ್ಕು ಜನ ಸಾಲಿಗ್ರಾಮದ ಹತ್ತಿರ ಕಾವೇರಿಗೆ ಹೋಗುವುದೆಂದಾಗಿತ್ತು. ಹಿಂದಿನ ದಿನ ಅತ್ತೆ ಮನೆಮನೆಗೆ ಬಂದರು. ನಮ್ಮ ಬಾಗಿಲಲ್ಲಿ ನಿಂತು, "ನೀವೂ ಬನ್ರವ್ವ. ಅವ್ರಿಗೆ ಒಬ್ರೇ ಓಗಿ ಅಭ್ಯಾಸ ಇಲ್ಲ" ಎಂದರು. ಬಾಡಿಗೆಗೆ ಒಂದು ಮಿನಿ ಬಸ್ಸು ಹಿಡಿದು ಬೀದಿಯವರೆಲ್ಲ ಹೋದೆವು. ಹೊಳೆದಂಡೆಯಲ್ಲಿ ಕಾರ್ಯ ಮುಗಿದು, ಮಿಂದು, ತಂದಿದ್ದ ಬುತ್ತಿ ಬಿಚ್ಚಿದಾಗ ಯಾರೋ ಆನೆಯ ಕಥೆ ತೆಗೆದರು. ಮೊದಲು ಅತ್ತೆ ನಕ್ಕರು, ಆಮೇಲೆ ಎಲ್ಲರೂ.

ನಮ್ಮ ಬೀದಿಯಲ್ಲಿ ಈಗ ಮನೆಗೊಂದು ಕಾರು ಇದೆ. ಸುಖವಾಗಿ ಹೋಗುತ್ತೇವೆ, ಬೇಕಾದಾಗ ಬರುತ್ತೇವೆ, ಯಾರ ತಲೆಗೂದಲೂ ನಾರುವುದಿಲ್ಲ. ಕಳೆದ ಭಾನುವಾರ ಬೈಲಕುಪ್ಪೆಯಲ್ಲಿ ಕಾರು ನಿಲ್ಲಿಸಿ ಇಳಿಯುತ್ತಿದ್ದಾಗ ಪಕ್ಕದ ಕಾರಿನಿಂದ ಇಳಿದವರು ನಮ್ಮ ಮೂರನೇ ಮನೆಯವರು. "ಓ, ನೀವೂ ಬಂದ್ರಾ?" ಎಂದರು. "ನೀವೂ ಬಂದ್ರಾ?" ಎಂದೆ. ಇಬ್ಬರಿಗೂ ಮಾವನ ಟೆಂಪೊ ನೆನಪಾಯಿತೆಂದು ಕಾಣುತ್ತದೆ, ಇಬ್ಬರೂ ತಿರುಗಿ ಕಾರುಗಳ ಕಡೆ ನೋಡಿದೆವು. ಬೆಳಿಗ್ಗೆ ನಮ್ಮ ಎರಡು ಕಾರೂ ಒಂದೇ ಬೀದಿಯಿಂದ, ಒಂದೇ ಹೊತ್ತಿಗೆ ಹೊರಟಿದ್ದವು.